ಗೆಳೆಯನಿಗೊಂದು ಪತ್ರ: ಕೋವಿ ಆನಿಸುವ ಕೋಲು

ಪ್ರೀತಿಯ ಗೆಳೆಯ,

ನಿನ್ನ ಕಾಗದ ಬಂತು. ಇಲ್ಲಿ ಬ್ರಿಟನ್ನಿನ ಜಿಂಕೆ ಬೇಟೆಯ ಮೊದಲ ಹಂತದ ಪರೀಕ್ಷೆ ಪಾಸಾಯಿತು, ರೈಫಲ್ಲಿಗೆ ಸರ್ಟಿಫಿಕೇಟೂ ಸಿಕ್ಕಿತು ಅಂತ ಓದಿ ತುಂಬಾ ಖುಷಿಯಾಯಿತು. ಕೈಲ್‌ಪೊಳ್ದ್ ಹಬ್ಬದ ದಿನ ನಮ್ಮ ಕೊಡಗಿನಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ನಿಂತಲ್ಲೇ ಗುಂಡು ಹೊಡೆದವನು ನೀನು. ಅದಕ್ಕೇ ‘ನನಗೆ ರೈಫಲ್ ಆನಿಸುವ ಕೋಲು ನಿಜವಾಗಲೂ ಬೇಕಾ, ಬೇಕಾದರೆ ಯಾವುದನ್ನು ಕೊಳ್ಳಲಿ’ ಅಂತ ಕೇಳಿದ್ದೀಯ. ಬೇಕು ಮಾರಾಯ. ಆದರೆ ಕೊಳ್ಳಬೇಡ, ಮಾಡಿಕೋ.

ತೆಂಗಿನಕಾಯಿ ತಪ್ಪಿದರೆ ಯಾರಿಗೂ ನೋವಿಲ್ಲ. ಇಲ್ಲಿ ಹಾಗಲ್ಲ. ನಾನು ಇದುವರೆಗೆ ನಿನಗೆ ಹೇಳದ ಒಂದು ವಿಷಯ ಇದೆ. ಇಂಗ್ಲೆಂಡಿನ ಥೆಟ್‌ಫರ್ಡ್ ಕಾಡಿನ ಹತ್ತಿರ ನಾನು ಬೇಟೆ ಕಲಿಯುತ್ತಿದ್ದ ಮೊದಲ ವರ್ಷ. ಅಕ್ಟೋಬರ್ ಸಂಜೆ. ಹತ್ತು ನಿಮಿಷದ ದಾರಿ ತಾನೇ ಅಂತ ಕೋಲನ್ನು ಕಾರಿನಲ್ಲೇ ಬಿಟ್ಟು ಹೋದೆ. ಎಂಬತ್ತು ಮೀಟರ್ ದೂರದಲ್ಲಿ ರೋ ಅನ್ನುವ ಸಣ್ಣ ಜಾತಿಯ ಒಂದು ಗಂಡು ಜಿಂಕೆ ಪಕ್ಕೆ ತೋರಿಸಿ ನಿಂತಿತ್ತು. ಎಳೆ ಬರ್ಚ್ ಮರದ ಕೊಂಬೆಗೆ ರೈಫಲ್ ಆನಿಸಿ ಹೊಡೆದೆ. ಕೊಂಬೆ ಬಗ್ಗಿತು. ಗುಂಡು ಮುಂಗಾಲಿಗೆ ಬಿತ್ತು. ಮೂರು ಕಾಲಲ್ಲಿ ಅದು ಪೊದೆ ದಾಟಿ ಹೋದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ವಾಸನೆ ಹಿಡಿಯುವ ನಾಯಿ ಇದ್ದ ಸ್ನೇಹಿತರೊಬ್ಬರು ಬಂದು ಹುಡುಕಿಕೊಟ್ಟರು. ಸಿಕ್ಕಿದ್ದು ಮಾರನೆಯ ದಿನ ಬೆಳಿಗ್ಗೆ. ಆ ಇಡೀ ರಾತ್ರಿ ಅದು ಎಲ್ಲೋ ಬಿದ್ದು ಒದ್ದಾಡಿತ್ತು. ಅವತ್ತಿನಿಂದ ಕೋಲಿಲ್ಲದೆ ನಾನು ಕಾಡಿಗೆ ಕಾಲಿಟ್ಟಿಲ್ಲ.

ಸ್ಕಾಟ್ಲೆಂಡಿನ ನಿನ್ನ ಇನ್ವರ್ನೆಸ್ ಕಡೆಯ ಬೋಳು ಗುಡ್ಡಗಳಲ್ಲಿ ಕೆಂಪು ಜಿಂಕೆಗೆ ಹೆಚ್ಚಾಗಿ ಮಲಗಿಯೇ ಹೊಡೆಯುತ್ತಾರೆ. ಆದರೆ ನೀನು ಹೋಗುತ್ತಿರುವುದು ಸ್ಪ್ರೂಸ್ ಮರಗಳ ತೋಪಿಗೆ, ರೋ ಜಿಂಕೆಗೆ. ಬೇಸಿಗೆಯಲ್ಲಿ ಅಲ್ಲಿ ಜರಿಗಿಡ ಸೊಂಟದೆತ್ತರ ಬೆಳೆದಿರುತ್ತದೆ. ಮಲಗಿದರೆ ಎಲೆ ಬಿಟ್ಟು ಬೇರೇನೂ ಕಾಣುವುದಿಲ್ಲ. ನಿಂತೇ ಹೊಡೆಯಬೇಕು. ನಿಂತಾಗ ಉಸಿರು, ಎದೆಬಡಿತ ಎಲ್ಲ ನಳಿಗೆಯ ತುದಿಗೆ ಬಂದು ಕೂರುತ್ತವೆ. ರೋ ಜಿಂಕೆಯ ಎದೆಯಲ್ಲಿ ನಾವು ಗುರಿ ಇಡುವ ಜಾಗ ಅಂಗೈ ಅಗಲ, ಹತ್ತು ಸೆಂಟಿಮೀಟರ್ ಅಷ್ಟೆ.

ಈ ಕೋಲು ನಮಗೆ ಹೊಸದೇನೂ ಅಲ್ಲ. ಗೊನೆ ಭಾರಕ್ಕೆ ವಾಲಿದ ಬಾಳೆಗೆ ನಿಮ್ಮ ತೋಟದಲ್ಲಿ ಎರಡು ಬಿದಿರನ್ನು ಕತ್ತರಿ ಹಾಕಿ ಕಟ್ಟಿ ಆನಿಸುತ್ತಿದ್ದೆವಲ್ಲ, ಅದೇ ಇದು. ಅಮೆರಿಕದಲ್ಲಿ 1870ರ ದಶಕದ ಕಾಡೆಮ್ಮೆ ಬೇಟೆಗಾರರೂ ಹೀಗೇ ಎರಡು ಕಡ್ಡಿ ಕತ್ತರಿ ಹಾಕಿ, ಕೂತು ಹೊಡೆಯುತ್ತಿದ್ದರು.

ಒಂದೇ ಕೋಲು ನಡೆಯಲು ಚೆನ್ನ, ಗುರಿಗೆ ಸಾಲದು. ಎರಡು ಕಾಲಿನದು ಹಗುರ, ಬೇಗ ಬಿಚ್ಚುತ್ತದೆ. ಆದರೆ ಹಿಂದೆ ಮುಂದೆ ತೂಗುತ್ತದೆ, ಮೂರನೇ ಕಾಲು ನಿನ್ನ ಮೈಯೇ ಆಗಬೇಕು. ನಾಲ್ಕು ಕಾಲಿನದು ರೈಫಲ್ಲಿನ ಮುಂದನ್ನೂ ಹಿಂದಿನ ಹಿಡಿಯನ್ನೂ ಎರಡು ಕಡೆ ಹೊರುತ್ತದೆ. ಅದರ ಮೇಲಿಟ್ಟರೆ ಬಂಡೆಯ ಮೇಲಿಟ್ಟ ಹಾಗೆ. ಇಲ್ಲಿ ತುಂಬಾ ಜನ ತೋಟದ ಗಿಡಕ್ಕೆ ಆಸರೆ ಕೊಡುವ ಸರಳುಗಳಿಂದ ಮನೆಯಲ್ಲೇ ಅದನ್ನು ಮಾಡಿಕೊಳ್ಳುತ್ತಾರೆ. ತೊಂದರೆ ಏನೆಂದರೆ, ಜಿಂಕೆ ನಾಲ್ಕು ಹೆಜ್ಜೆ ಸರಿದರೆ ಇಡೀ ಚೌಕಟ್ಟನ್ನೇ ಎತ್ತಿ ಇಡಬೇಕು. ನಮ್ಮ ಕಡೆ ಮಂಟ್‌ಜಾಕ್ ಜಾಸ್ತಿ. ಅದು ಒಂದು ಸಣ್ಣ ಜಿಂಕೆ, ನಮ್ಮ ಕಾಡುಕುರಿಯ ದಾಯಾದಿ, ಚೀನಾದಿಂದ ವೋಬರ್ನ್ ಎಸ್ಟೇಟಿಗೆ ತಂದು ಸಾಕಿದ್ದು, ಅಲ್ಲಿಂದ ತಪ್ಪಿಸಿಕೊಂಡು ಊರೆಲ್ಲ ಹರಡಿದೆ. ಮುಸ್ಸಂಜೆ ಅದು ಬೊಗಳಿದರೆ ನನಗೆ ನಿಮ್ಮ ತೋಟದ ಮನೆಯ ಜಗಲಿಯೇ ನೆನಪಾಗುತ್ತದೆ. ಆ ಪ್ರಾಣಿ ಒಂದು ಕಡೆ ನಿಲ್ಲುವುದೇ ಇಲ್ಲ. ಅದಕ್ಕೇ ನಾನು ಮೂರು ಕಾಲಿನ ಕೋಲಿಗೆ ಬಂದು ನಿಂತೆ.

ಅಂಗಡಿಯಿಂದ ಕಾರ್ಬನ್ ಕಾಲಿನದೂ ಒಂದು ತಂದಿದ್ದೆ. ಉದ್ದ ಹೊಂದಿಸುವ ಕ್ಲಿಪ್ಪು ತೆಗೆದಾಗಲೆಲ್ಲ ಟಕ್ ಅನ್ನುತ್ತಿತ್ತು. ಕಾಡಿನ ನಿಶ್ಶಬ್ದದಲ್ಲಿ ಆ ಒಂದು ಟಕ್ ಸಾಕು, ಓಡಿಹೋಗುವ ಜಿಂಕೆಯ ಬಿಳಿ ಹಿಂಭಾಗ ಮಾತ್ರ ಕಾಣುತ್ತದೆ. ಮರಕ್ಕೆ ಆ ಸದ್ದಿಲ್ಲ.

ಮಾಡುವುದು ಹೀಗೆ. ಹೇಜಲ್ ಮರವನ್ನು ಬುಡಕ್ಕೆ ಕಡಿದರೆ ಮತ್ತೆ ಚಿಗುರಿ ಕೋಲುಗಳು ನೆಟ್ಟಗೆ ಮೇಲೇಳುತ್ತವೆ. ಜಮೀನಿನವರನ್ನು ಕೇಳಿ, ಚಳಿಗಾಲದಲ್ಲಿ, ಎಲೆ ಉದುರಿದ ಮೇಲೆ ಕಡಿ. ಆಗ ಮರ ಬೆಳೆಯುವುದನ್ನು ನಿಲ್ಲಿಸಿರುತ್ತದೆ. ಹೆಬ್ಬೆರಳಿಗಿಂತ ಚೂರು ದಪ್ಪ ಇರಲಿ. ಬೇಕಾದ್ದಕ್ಕಿಂತ ಒಂದು ಗೇಣು ಉದ್ದವೇ ಕಡಿ, ತುದಿ ಸೀಳಿದರೆ ಕತ್ತರಿಸಲು ಜಾಗ ಇರುತ್ತದೆ. ಮೂರನ್ನೂ ಒಟ್ಟಿಗೆ ಬಿಗಿಯಾಗಿ ಕಟ್ಟಿ ನೆರಳಲ್ಲಿ ಮಲಗಿಸು. ಒಂದು ವರ್ಷ ಬಿಡು. ಬಿಸಿಲಿಗೋ ಹೀಟರ್ ಪಕ್ಕಕ್ಕೋ ಇಟ್ಟರೆ ಬಿರುಕು ಬಿಡುತ್ತದೆ, ನನ್ನ ಮೊದಲ ಜೋಡಿ ಹಾಗೇ ಹಾಳಾಯಿತು. ತೊಗಟೆ ತೆಗೆಯಬೇಡ. ಕಂದು ಬಣ್ಣ ಕಾಡಿಗೆ ಒಪ್ಪುತ್ತದೆ. ಒಣಗಿದ ಮೇಲೆ ಅಗಸೆ ಎಣ್ಣೆ ಸವರು.

ಉದ್ದ ನಿನ್ನ ಕಣ್ಣಿನ ಮಟ್ಟಕ್ಕೆ ಇರಲಿ. ನಾನು 170 ಸೆಂಟಿಮೀಟರ್ ಎತ್ತರ, ನನ್ನ ಕೋಲು 160. ಮೇಲಿನಿಂದ 15 ಸೆಂಟಿಮೀಟರ್ ಬಿಟ್ಟು ಕಟ್ಟು ಹಾಕಿದ್ದೇನೆ. ಕಾಲು ಅಗಲಿಸಿದಾಗ ಕವೆ ಸರಿಯಾಗಿ ನನ್ನ ಭುಜದ ಮಟ್ಟಕ್ಕೆ ಬರುತ್ತದೆ. ಮೂರನ್ನೂ ಪಕ್ಕಪಕ್ಕ ಮಲಗಿಸಿ, ಹಗ್ಗವನ್ನು ಒಂದರ ಮೇಲೆ ಒಂದರ ಕೆಳಗೆ ಹೆಣೆಯುತ್ತಾ ಹೋಗು. ತುಂಬಾ ಬಿಗಿ ಬೇಡ, ಕಾಲು ತಿರುಗಬೇಕು. ಕಟ್ಟಿನಿಂದ ಮೇಲೆ ಹಳೇ ಸೈಕಲ್ ಟ್ಯೂಬ್ ಸುತ್ತು. ರೈಫಲ್ ಜಾರುವುದಿಲ್ಲ, ಮರಕ್ಕೆ ಮರ ಬಡಿಯುವುದೂ ಇಲ್ಲ. ಅದೇ ಟ್ಯೂಬಿನ ಒಂದು ಉಂಗುರ ಕೆಳಗೆ ಹಾಕಿದರೆ ನಡೆಯುವಾಗ ಮೂರೂ ಒಂದೇ ಊರುಗೋಲಾಗುತ್ತವೆ.

ಕೋಲಿನ ಮೇಲೆ ಕೂರಬೇಕಾದ್ದು ರೈಫಲ್ಲಿನ ಮುಂಗೈ ಮರ, ಅಂದರೆ ನಳಿಗೆಯ ಅಡಿಯ ಮರದ ಭಾಗ. ನಳಿಗೆ ಮಾತ್ರ ಎಂದೂ ತಾಗಬಾರದು, ತಾಗಿದರೆ ಗುಂಡು ಬೀಳುವ ಜಾಗವೇ ಬದಲಾಗುತ್ತದೆ. ಎಡಗೈಯಲ್ಲಿ ಕವೆಯನ್ನೂ ಮರವನ್ನೂ ಒಟ್ಟಿಗೆ ಹಿಡಿ, ಮೈಯನ್ನು ಸ್ವಲ್ಪ ಮುಂದಕ್ಕೆ ವಾಲಿಸು. ಜಿಂಕೆಯ ಹಿಂದೆ ಗುಂಡನ್ನು ತಡೆಯುವ ಮಣ್ಣಿನ ದಿಬ್ಬ ಇದೆಯಾ ಅಂತ ನೋಡು. ನಮ್ಮ ಚಪ್ಪಟೆ ನೆಲದಲ್ಲಿ ನಾನು ಹೊಡೆಯದೆ ಕೈಬಿಟ್ಟ ಈಡುಗಳಲ್ಲಿ ಅರ್ಧ, ಹಿಂದೆ ದಿಬ್ಬ ಇಲ್ಲದ ಕಾರಣಕ್ಕೇ ಕೈಬಿಟ್ಟದ್ದು. ತುಂಬಿದ ರೈಫಲ್ಲನ್ನು ಕೋಲಿಗೆ ಒರಗಿಸಿ ಕೈ ಬಿಡಬೇಡ, ಒಂದು ಕ್ಷಣಕ್ಕೂ.

ಖಾಲಿ ರೈಫಲ್ ಹಿಡಿದು ಮನೆಯೊಳಗೇ ದಿನಾ ಇಪ್ಪತ್ತು ಸಲ ಕೋಲು ಬಿಚ್ಚಿ ನಿಲ್ಲು. ಕೆಳಗೆ ನೋಡದೆ ಬಿಚ್ಚುವುದು ಬರಬೇಕು. ಆಮೇಲೆ ರೇಂಜಿನಲ್ಲಿ 100 ಮೀಟರಿಗೆ ಒಂದು ಊಟದ ತಟ್ಟೆ ಅಲ್ಲ, ಅಂಗೈ ಅಗಲದ ಕಾಗದ ಅಂಟಿಸು. ತಪ್ಪಿದರೆ ಹತ್ತಿರ ಬರುತ್ತಾ ಹೋಗು, ಐದು ಗುಂಡಿಗೆ ಐದೂ ಅದರೊಳಗೆ ಬೀಳುವ ದೂರ ಯಾವುದೋ ಅದೇ ನಿನ್ನ ದೂರ. 70 ಆದರೆ 70. ಪರೀಕ್ಷೆಯಲ್ಲಿ ಪಾಸಾದದ್ದು ಬೇರೆ, ಜೀವ ಇರುವ ಪ್ರಾಣಿ ಬೇರೆ.

ನಮ್ಮೂರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು, ನಿಂತದ್ದು ಒಳ್ಳೆಯದೇ ಆಯಿತು. ಇಲ್ಲಿ ಬ್ರಿಟನ್ನಿನ ಕಾಡುಗಳಲ್ಲಿ ಜಿಂಕೆ ಹಿಡಿಯುವ ತೋಳವಿಲ್ಲ, ಲಿಂಕ್ಸ್ ಅನ್ನುವ ದೊಡ್ಡ ಕಾಡುಬೆಕ್ಕೂ ಇಲ್ಲ. ಎಳೆ ಸಸಿಗಳನ್ನು ಜಿಂಕೆ ಮೇಯ್ದು ಮುಗಿಸುತ್ತದೆ, ಯಾರಾದರೂ ಹೊಡೆಯಲೇಬೇಕು. ಹೊಡೆಯುವವನು ನೀನು ಅಂತ ಆದಮೇಲೆ ಒಂದೇ ಈಡಿಗೆ ಮುಗಿಯಲಿ.

ಹೋದ ಜನವರಿಯಲ್ಲಿ ಆರು ಕೋಲು ಕಡಿದು ಶೆಡ್ಡಿನಲ್ಲಿ ಇಟ್ಟಿದ್ದೇನೆ. ಮೂರು ನಿನಗೆ. ನೀನು ನನಗಿಂತ ಎತ್ತರ, ಅದಕ್ಕೆ ತುದಿ ಇನ್ನೂ ಕತ್ತರಿಸಿಲ್ಲ. ಬೂಟು ಹಾಕಿಕೊಂಡು ನಿಂತು, ನೆಲದಿಂದ ಕಣ್ಣಿನವರೆಗೆ ಅಳೆದು ಬರೆ.

ನಿನ್ನವನೇ