ಅಣಕು ಕಾರ್ಯಾಚರಣೆ ಕತ್ತಲಲ್ಲೂ ನಡೆಯಲಿ

ಮಾನ್ಯರೇ,

ಮಳೆಗಾಲಕ್ಕೆ ಮುನ್ನ ನಮ್ಮ ಕಡೆ ನಡೆದ ಪ್ರವಾಹ ರಕ್ಷಣೆಯ ಅಣಕು ಕಾರ್ಯಾಚರಣೆ ನೋಡಿದೆ. ಬೆಳಗಿನ ಹತ್ತು ಗಂಟೆ, ನಿಂತ ನೀರು, ದಂಡೆಯಲ್ಲಿ ಶಾಮಿಯಾನ. ‘ಮುಳುಗುತ್ತಿದ್ದವ’ ತಾನೇ ಬೋಟ್ ಹತ್ತಿ ಕೂತ! ಫೋಟೊ ಮಾತ್ರ ಚೆನ್ನಾಗಿ ಬಂತು.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳೊಳಗೆ ನುಗ್ಗಿದಾಗ ಹೊಳೆ ಯಾರಿಗೂ ಸಮಯ ಕೊಟ್ಟಿರಲಿಲ್ಲ. ತಾಲೀಮೂ ಹಾಗೇ ಇರಬೇಕು: ಮುನ್ಸೂಚನೆಯಿಲ್ಲದೆ, ರಾತ್ರಿ, ಮೊಬೈಲ್ ಟವರ್ ಕೈಕೊಟ್ಟಿದೆ ಎಂದುಕೊಂಡು. ನವಿಲುತೀರ್ಥ ಅಣೆಕಟ್ಟೆಯಿಂದ ನೀರು ಬಿಟ್ಟ ಸುದ್ದಿ ಹೊಳೆದಂಡೆಯ ಕೊನೆಯ ಮನೆ ಮುಟ್ಟಲು ಎಷ್ಟು ಹೊತ್ತು ಬೇಕು? ಹಾಸಿಗೆ ಹಿಡಿದ ಅಜ್ಜಿಯನ್ನು ಹೊತ್ತು ತರುವವರು ಯಾರು? ‘ಎಮ್ಮಿ ಬಿಟ್ಟು ಬರೂದಿಲ್ರೀ’ ಎಂದು ಪಟ್ಟು ಹಿಡಿಯುವ ರೈತನ ಪಾತ್ರವನ್ನೂ ಒಬ್ಬರು ಮಾಡಲಿ. ಸಿಬ್ಬಂದಿಗೆ ನಿಜವಾದ ಪರೀಕ್ಷೆ ಅಲ್ಲೇ. ಸುಳಿ ಎಲ್ಲಿದೆ ಎಂದು ಬಲ್ಲ ಮೀನುಗಾರರನ್ನೂ ಸೇರಿಸಿಕೊಳ್ಳಬೇಕು.

ಬೋಟ್ ಇಳಿಸಲು ದುಡ್ಡಿಲ್ಲದಿದ್ದರೆ ಕಂದಾಯ, ಪೊಲೀಸ್, ಅಗ್ನಿಶಾಮಕ, ಆರೋಗ್ಯ ಇಲಾಖೆಯವರು ಒಂದು ನಕಾಶೆಯ ಸುತ್ತ ಕೂತು ಅಭ್ಯಾಸ ಮಾಡಬಹುದು, ಚಹಾದ ಖರ್ಚಷ್ಟೆ. ಎಡವಿದ್ದೆಲ್ಲಿ ಎಂಬುದನ್ನು ಅಂದೇ ಬರೆದಿಡಲಿ. ಈ ಮಳೆಗಾಲದೊಳಗೆ ಒಮ್ಮೆಯಾದರೂ ಜಿಲ್ಲಾಡಳಿತ ಇದನ್ನು ಮಾಡಿಸಬೇಕು.

– ಓದುಗ, ಬಾದಾಮಿ (ಬಾಗಲಕೋಟೆ ಜಿಲ್ಲೆ)