151ನೇ ದಿನಕ್ಕೆ ಬಡತನ ಮುಗಿಯುವ ಲೆಕ್ಕ

ಮಾನ್ಯರೇ,

ಗ್ಯಾರಂಟಿ ಯೋಜನೆಗಳನ್ನು ಕೆಲವರು ‘ಬಿಟ್ಟಿ ಭಾಗ್ಯ’ ಎಂದು ಹಂಗಿಸುತ್ತಾರೆ. ಇನ್ನು ಕೆಲವರು 2025-26ರ ಬಜೆಟ್‌ನಲ್ಲಿ ಐದೂ ಗ್ಯಾರಂಟಿಗಳಿಗೆ ಎತ್ತಿಟ್ಟ 51,034 ಕೋಟಿ ರೂಪಾಯಿಯನ್ನು ತೋರಿಸಿ ಬೆನ್ನು ತಟ್ಟಿಕೊಳ್ಳುತ್ತಾರೆ. ಅಕ್ಕಿ ಸಿಗುವ ಬಿಪಿಎಲ್ (ಬಡತನ ರೇಖೆಗಿಂತ ಕೆಳಗಿನವರ) ಪಟ್ಟಿಗೆ ಯಾರು ಸೇರುತ್ತಾರೆ, ಯಾರ ಹೆಸರು ಯಾವ ಕ್ರಮದಲ್ಲಿ ಕಿತ್ತುಹೋಗುತ್ತದೆ ಎಂಬುದನ್ನು ಮಾತ್ರ ಇಬ್ಬರೂ ಎತ್ತುವುದಿಲ್ಲ. 2024ರ ನವೆಂಬರ್‌ನಲ್ಲಿ ಕಾರ್ಡುಗಳು ಸಾಲುಸಾಲಾಗಿ ರದ್ದಾಗಿ ಗದ್ದಲವೆದ್ದಾಗ, ಆದಾಯ ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡ್ ಮರಳಿಸುತ್ತೇವೆಂದು ಸರ್ಕಾರ ಹೇಳಬೇಕಾಯಿತು. ಮರುವರ್ಷ ‘ಅನುಮಾನಾಸ್ಪದ ಕಾರ್ಡು’ಗಳ ಹೊಸ ಪಟ್ಟಿ ಬಂತು. ನಿಯಮದಲ್ಲೇ ಇರುವ ದೋಷ ಹಾಗೇ ಉಳಿದಿರುವುದರಿಂದ ಇದು ಮರುಕಳಿಸುತ್ತಲೇ ಇರುತ್ತದೆ.

ಮೊದಲು ಆದಾಯದ ಮಿತಿಯನ್ನೇ ನೋಡಿ. ಕುಟುಂಬಕ್ಕೆ ವರ್ಷಕ್ಕೆ 1.20 ಲಕ್ಷ ರೂಪಾಯಿ, ಅಂದರೆ ತಿಂಗಳಿಗೆ ಹತ್ತು ಸಾವಿರ. ಗಂಡ ಹೆಂಡತಿ ಇಬ್ಬರೂ ದಿನಕ್ಕೆ ತಲಾ 400 ರೂಪಾಯಿ ಕೂಲಿಗೆ 150 ದಿನ ಹೋದರೆ ಸರಿಯಾಗಿ 1.20 ಲಕ್ಷ ಆಗುತ್ತದೆ. 151ನೇ ದಿನ ಕೆಲಸಕ್ಕೆ ಹೋದರೆ ಕಾಗದದ ಪ್ರಕಾರ ಅವರು ಬಡವರಲ್ಲ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಒಬ್ಬಳೇ ಹೆಣ್ಣುಮಗಳಿಗೆ ಮಾಲೀಕ ಕನಿಷ್ಠ ವೇತನ ಕೊಟ್ಟರೂ ಈ ಮಿತಿ ದಾಟುತ್ತದೆ. ಅವಳ ಮನೆಗೆ ಬಿಪಿಎಲ್ ಕಾರ್ಡ್ ಉಳಿಯಬೇಕೆಂದರೆ ಮಾಲೀಕ ಕಾನೂನು ಮುರಿಯಬೇಕು!

ಹೀಗಾಗಿ ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವವರೆಲ್ಲ ಕಡಿಮೆ ಬರೆಸುತ್ತಾರೆ. ಗ್ರಾಮ ಆಡಳಿತ ಅಧಿಕಾರಿಗೂ ಅದು ಗೊತ್ತು, ತಹಶೀಲ್ದಾರರಿಗೂ ಗೊತ್ತು. ಕೂಲಿಕಾರನ ಸುಳ್ಳೂ ಎರಡಂತಸ್ತಿನ ಮನೆಯವನ ಸುಳ್ಳೂ ಆ ಪತ್ರದಲ್ಲಿ ಒಂದೇ ಥರ ಕಾಣುತ್ತವೆ. ಎಲ್ಲರೂ ಮುರಿಯಲೇಬೇಕಾದ ನಿಯಮವೊಂದು ಕೈಯಲ್ಲಿದ್ದರೆ ಅಧಿಕಾರದಲ್ಲಿದ್ದವರಿಗೆ ಬಲು ಅನುಕೂಲ. ಚುನಾವಣೆ ಹತ್ತಿರವಿದ್ದಾಗ ಕಣ್ಣುಮುಚ್ಚಬಹುದು, ಖಜಾನೆ ಬಿಗಿಯಾದಾಗ ಕಣ್ಣು ತೆರೆಯಬಹುದು. ಇದನ್ನು ಯಾವ ಒಂದು ಪಕ್ಷದ ತಲೆಗೂ ಕಟ್ಟುತ್ತಿಲ್ಲ. ಬಂದವರೆಲ್ಲ ಬಳಸಿಕೊಂಡ ಅನುಕೂಲ ಇದು.

ಜಮೀನಿನ ಮಿತಿ 3 ಹೆಕ್ಟೇರ್ ಒಣಭೂಮಿ, ಸುಮಾರು ಏಳೂವರೆ ಎಕರೆ, ಅಥವಾ ಅದಕ್ಕೆ ಸಮನಾದ ನೀರಾವರಿ. ಮಿತಿಯೇನೋ ಒಪ್ಪುವಂಥದ್ದು. ಎಡವುವುದು ಪಹಣಿಯಲ್ಲಿ. ಅಜ್ಜ ತೀರಿಕೊಂಡು ಇಪ್ಪತ್ತು ವರ್ಷವಾದರೂ ಪೌತಿ ಖಾತೆ (ವಾರಸುದಾರರ ಹೆಸರಿಗೆ ವರ್ಗಾವಣೆ) ಆಗಿರುವುದಿಲ್ಲ. ಆಗಿದ್ದರೂ ನಾಲ್ವರು ಅಣ್ಣತಮ್ಮಂದಿರ ಹೆಸರು ಜಂಟಿಯಾಗಿ ಕೂತಿರುತ್ತದೆ. ಹನ್ನೆರಡು ಎಕರೆಯ ಜಂಟಿ ಪಹಣಿಯನ್ನು ಕಂಪ್ಯೂಟರ್ ಪಾಲು ಮಾಡದೆ ಓದಿದರೆ ತಲಾ ಮೂರು ಎಕರೆಯ ನಾಲ್ಕು ಮನೆಗಳು ತಲಾ ಹನ್ನೆರಡು ಎಕರೆಯ ಜಮೀನ್ದಾರರಾಗುತ್ತವೆ. ವಾಹನದ್ದೂ ಇದೇ ಕಥೆ. ಜೀವನೋಪಾಯಕ್ಕೆ ಓಡಿಸುವ ಒಂದು ಹಳದಿ ಬೋರ್ಡ್ ಗಾಡಿಗೆ ವಿನಾಯಿತಿ ಇದೆ. ಆದರೆ ಹಳೆಯ ಓಮ್ನಿಯನ್ನು ಮಾರಿ, ಆರ್‌ಸಿ ವರ್ಗಾಯಿಸದೆ ಬಿಟ್ಟವನು ಸಾರಿಗೆ ಇಲಾಖೆಯ ಕಡತದಲ್ಲಿ ಇವತ್ತಿಗೂ ಕಾರಿನ ಮಾಲೀಕ.

ಆದಾಯ ತೆರಿಗೆಯ ವಿಷಯ ಇನ್ನಷ್ಟು ಸೂಕ್ಷ್ಮ. ರಿಟರ್ನ್ಸ್ ಸಲ್ಲಿಸುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ಬ್ಯಾಂಕು ಕೇಳಿತೆಂದು ಆಟೊ ಸಾಲಕ್ಕಾಗಿ, ಗುತ್ತಿಗೆದಾರ ಹಿಡಿದುಕೊಂಡ ಟಿಡಿಎಸ್ (ಮೂಲದಲ್ಲೇ ಕಡಿತವಾದ ತೆರಿಗೆ) ವಾಪಸ್ ಪಡೆಯಲೆಂದು ಲಕ್ಷಾಂತರ ಮಂದಿ ಶೂನ್ಯ ತೆರಿಗೆಯ ರಿಟರ್ನ್ಸ್ ಹಾಕುತ್ತಾರೆ. ಪ್ಯಾನ್–ಆಧಾರ್ ಜೋಡಣೆಯಿಂದ ಅವರ ಹೆಸರು ಸುಲಭವಾಗಿ ಹೊಂದಾಣಿಕೆಯಾಗುತ್ತದೆ. ಅಲ್ಲಿ ಮೂರು ಲಕ್ಷ ತೋರಿಸಿದ್ದಾನಲ್ಲ, ಹಾಗಿದ್ದರೆ 1.20 ಲಕ್ಷ ದಾಟಿತಲ್ಲ ಎಂದು ಇಲಾಖೆ ಕೇಳಬಹುದು. ನಿಯಮದ ಪ್ರಕಾರ ಇಲಾಖೆಯ ಮಾತು ಸರಿ. ತಕರಾರು ಇರುವುದು ನಿಯಮದ ಮೇಲೆಯೇ. ಇನ್ನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮಗನ ಹೆಸರು ಊರಿನ ಕಾರ್ಡಿನಲ್ಲೇ ಉಳಿದಿದ್ದರೆ, ಅವನು ಮನೆಗೆ ಬಿಡಿಗಾಸು ಕಳಿಸದಿದ್ದರೂ ಅಪ್ಪ ಅಮ್ಮನ ಅಕ್ಕಿ ನಿಲ್ಲುತ್ತದೆ. ಹೆಸರು ತೆಗೆಸಲು, ಕಾರ್ಡ್ ವಿಭಜಿಸಲು ಹೋದರೆ ಸರ್ವರ್ ಇರುವುದಿಲ್ಲ, ಇಲ್ಲವೇ ಆ ಸೇವೆ ಅಂದು ತೆರೆದಿರುವುದಿಲ್ಲ. ಹೊಸದಾಗಿ ಬಂದ ಸೊಸೆಯ ಹೆಸರು ಸೇರಿಸುವುದಕ್ಕೂ ಮೊದಲು ತವರಿನ ಕಾರ್ಡಿನಿಂದ ತೆಗೆಸಬೇಕು. ಈ ನಡುವೆ ಅವಳು ಎರಡೂ ಕಡೆ ಇಲ್ಲದವಳು.

ನೀತಿ ಆಯೋಗದ ಪ್ರಕಾರ ರಾಜ್ಯದಲ್ಲಿ ಬಡವರು ಶೇ 7.58ರಷ್ಟೇ ಇರುವಾಗ ಇಷ್ಟೊಂದು ಬಿಪಿಎಲ್ ಕಾರ್ಡ್ ಯಾಕೆ ಎಂಬ ವಾದವನ್ನೂ ಪದೇ ಪದೇ ಕೇಳುತ್ತೇವೆ. ಆ ಅಂಕಿ 2019-21ರ ಬಹು ಆಯಾಮದ ಬಡತನದ್ದು. ಅದರ ಹನ್ನೆರಡು ಸೂಚಕಗಳಲ್ಲಿ ಕರೆಂಟು, ಶೌಚಾಲಯ, ಅಡುಗೆ ಅನಿಲ, ಬ್ಯಾಂಕ್ ಖಾತೆ ಎಲ್ಲವೂ ಸೇರಿವೆ. ಮನೆಗೆ ಕರೆಂಟು ಬಂದು ಜನಧನ ಖಾತೆ ತೆರೆದಾಕ್ಷಣ ಅಕ್ಕಿಯ ಅಗತ್ಯ ತಪ್ಪುವುದಿಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಹಿಡಿದಿದ್ದು ಬೇರೆ ದಾರಿ. ದೇಶದಲ್ಲಿ ಗ್ರಾಮೀಣರ ಶೇ 75, ನಗರದವರ ಶೇ 50ರವರೆಗೆ ಆಹಾರದ ಹಕ್ಕು ಕೊಡುತ್ತದೆ. ಅದರಂತೆ ಕರ್ನಾಟಕಕ್ಕೆ ಸಿಕ್ಕಿದ ಪಾಲು ಸುಮಾರು 4.02 ಕೋಟಿ ಜನ. ಲೆಕ್ಕ ಹಾಕಿದ್ದು 2011ರ ಜನಗಣತಿಯ ಮೇಲೆ. ಅನಂತರ ಹುಟ್ಟಿದ ಮಗುವಿಗೆ ಕೇಂದ್ರದ ಪಾಲಿನಲ್ಲಿ ಜಾಗ ಬೇಕೆಂದರೆ ಯಾರೋ ಸಾಯಬೇಕು, ಇಲ್ಲವೇ ಯಾರದೋ ಹೆಸರು ಹೋಗಬೇಕು. ಹೆಸರು ತೆಗೆಯುವ ಉತ್ಸಾಹದ ಹಿಂದೆ ಈ ಮಿತಿಯ ಒತ್ತಡವೂ ಇದೆ.

ಕಾರ್ಡ್ ಹೋದರೆ ಹೋಗುವುದು ಅಕ್ಕಿಯೊಂದೇ ಅಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ ಚಿಕಿತ್ಸೆ. ಎಪಿಎಲ್‌ಗೆ (ಬಡತನ ರೇಖೆಗಿಂತ ಮೇಲಿನವರಿಗೆ) ಪ್ಯಾಕೇಜ್ ದರದ, ಅಂದರೆ ಯೋಜನೆಯಲ್ಲಿ ಆ ಚಿಕಿತ್ಸೆಗೆ ನಿಗದಿಯಾದ ದರದ, ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷ ಮೀರದಂತೆ. ಒಂದು ಲಕ್ಷದ ಶಸ್ತ್ರಚಿಕಿತ್ಸೆಗೆ ಬಿಪಿಎಲ್‌ನವರು ಬರಿಗೈಲಿ ಹೋಗಬಹುದು, ಎಪಿಎಲ್ ಆದವರು 70 ಸಾವಿರ ಹೊಂದಿಸಬೇಕು. ತಿಂಗಳಿಗೆ ತಲಾ ಐದೋ ಹತ್ತೋ ಕಿಲೋ ಅಕ್ಕಿಗೆ ಮಾಡಿದ ಪಟ್ಟಿಯ ಮೇಲೆ ಆಸ್ಪತ್ರೆಯ ಹೊರೆಯನ್ನೂ ಹೇರಿದ್ದರ ಫಲ ಇದು. ಉಳ್ಳವರೂ ಬಿಪಿಎಲ್‌ಗೆ ಮುಗಿಬೀಳುವುದು ಅಕ್ಕಿಗಿಂತ ಹೆಚ್ಚಾಗಿ ಇದಕ್ಕೇ. ಆರೋಗ್ಯ ಯೋಜನೆಗೆ ಬೇರೆ, ಹೆಚ್ಚಿನ ಆದಾಯ ಮಿತಿ ಇಟ್ಟುಬಿಟ್ಟರೆ ಕಾರ್ಡಿನ ಮೇಲಿನ ನೂಕುನುಗ್ಗಲು ಎಷ್ಟೋ ಇಳಿಯುತ್ತದೆ.

ಅನರ್ಹರು ಇಲ್ಲವೆಂದು ಯಾರೂ ಹೇಳಲಾರರು. ನ್ಯಾಯಬೆಲೆ ಅಂಗಡಿಯಿಂದ ಹೊರಬಂದ ಅಕ್ಕಿ ಸಂಜೆಯೊಳಗೆ ಗಿರಣಿ ಸೇರುವುದನ್ನು ಎಲ್ಲರೂ ಕಂಡಿದ್ದೇವೆ. ಅವರನ್ನು ಹುಡುಕಲು ಕಂಪ್ಯೂಟರ್ ಬಳಸಿದ್ದೂ ತಪ್ಪಲ್ಲ. ಅದು ಕೊಟ್ಟ ಅನುಮಾನದ ಪಟ್ಟಿಯನ್ನೇ ತೀರ್ಪೆಂದು ಜಾರಿ ಮಾಡಿದ್ದು ತಪ್ಪು. ಜಾರ್ಖಂಡ್‌ನ ಹತ್ತು ಜಿಲ್ಲೆಗಳಲ್ಲಿ 2016–18ರ ನಡುವೆ ರದ್ದಾದ ಕಾರ್ಡುಗಳನ್ನು ಅರ್ಥಶಾಸ್ತ್ರಜ್ಞರು ಮನೆಮನೆಗೆ ಹೋಗಿ ಪರಿಶೀಲಿಸಿದಾಗ ಸುಮಾರು ಹತ್ತರಲ್ಲಿ ಒಂಬತ್ತು ನಿಜವಾಗಿಯೂ ಇದ್ದ ಕುಟುಂಬಗಳದ್ದಾಗಿದ್ದವು. ರದ್ದಾದ ಕಾರ್ಡುಗಳು ಬಹುಪಾಲು ‘ನಕಲಿ’ ಎಂದು ಸರ್ಕಾರ ಹೇಳಿಕೊಂಡಿತ್ತು.

ಇ-ಕೆವೈಸಿ (ಆಧಾರ್ ಮೂಲಕ ಗುರುತಿನ ದೃಢೀಕರಣ) ಆಗಿಲ್ಲವೆಂಬ ಕಾರಣಕ್ಕೆ ಹೆಸರು ಬಿಡುವಾಗಲೂ ಇದೇ ಎಚ್ಚರ ಬೇಕು. ಕಲ್ಲು ಒಡೆಯುವವರ, ಅಡಿಕೆ ಸುಲಿಯುವವರ, ಮುದುಕರ ಹೆಬ್ಬೆಟ್ಟನ್ನು ಯಂತ್ರ ಗುರುತಿಸುವುದಿಲ್ಲ. ಅಂಥವರಿಗೆ ಕಣ್ಣಿನ ಪಾಪೆಯ ಸ್ಕ್ಯಾನರ್ ಬೇಕು. ಅದು ಕೆಟ್ಟಿದ್ದರೆ ರಿಜಿಸ್ಟರ್‌ನಲ್ಲಿ ಸಹಿ ಹಾಕಿಸಿಕೊಂಡು ಪಡಿತರ ಕೊಡುವ ಅಧಿಕಾರ ಅಂಗಡಿಯವರಿಗಿರಬೇಕು. ಹಾಸಿಗೆ ಹಿಡಿದವರ ಮನೆಗೆ ಯಂತ್ರವೇ ಹೋಗಬೇಕು.

ರದ್ದತಿಗೆ ಮುನ್ನ ಕಾರಣವನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಬರೆದ ನೋಟಿಸ್ ಮನೆಗೆ ತಲುಪಲಿ. ‘ಮಾನದಂಡ ಉಲ್ಲಂಘನೆ’ ಎಂದರೆ ಯಾರಿಗೂ ಅರ್ಥವಾಗದು. ಯಾವ ಸರ್ವೆ ನಂಬರು, ಯಾವ ವಾಹನ, ಯಾವ ವರ್ಷದ ರಿಟರ್ನ್ಸ್ ಎಂದು ಬರೆಯಬೇಕು. ಉತ್ತರಿಸಲು ಕನಿಷ್ಠ ಮೂವತ್ತು ದಿನ ಕೊಟ್ಟು, ಆಹಾರ ನಿರೀಕ್ಷಕರು ಮನೆಗೆ ಹೋಗಿ ನೋಡಿ ವರದಿ ಕೊಡುವವರೆಗೆ ಪಡಿತರ ನಿಲ್ಲಿಸಬಾರದು. ತೆರಿಗೆ ಕಟ್ಟುವ ಸದಸ್ಯ ಬೇರೆ ವಾಸವಿದ್ದರೆ ಅವನೊಬ್ಬನ ಹೆಸರು ತೆಗೆದರೆ ಸಾಕು. ಅರ್ಹರ ಪಟ್ಟಿಯನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕೆಂದು ಆಹಾರ ಭದ್ರತಾ ಕಾಯ್ದೆಯ 11ನೇ ಸೆಕ್ಷನ್ ಹೇಳುತ್ತದೆ. ತೆಗೆದ ಹೆಸರುಗಳನ್ನೂ ಕಾರಣಸಮೇತ ಪಂಚಾಯಿತಿ ಕಚೇರಿಯಲ್ಲಿ ಹಚ್ಚಲಿ. 15ನೇ ಸೆಕ್ಷನ್ ಪ್ರಕಾರ ಪ್ರತಿ ಜಿಲ್ಲೆಗೂ ಕುಂದುಕೊರತೆ ನಿವಾರಣಾ ಅಧಿಕಾರಿ ಇರಬೇಕು, ಅವರ ಆದೇಶ ಒಪ್ಪಿಗೆಯಾಗದಿದ್ದರೆ ರಾಜ್ಯ ಆಹಾರ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಕಾರ್ಡ್ ಕಳೆದುಕೊಂಡವರಿಗೆ ಇದನ್ನು ಹೇಳುವವರೇ ಇಲ್ಲ. ಆ ಅಧಿಕಾರಿಯ ಹುದ್ದೆ, ಕಚೇರಿ, ದೂರವಾಣಿಯನ್ನು ನೋಟಿಸಿನ ಕೆಳಗೇ ಅಚ್ಚು ಹಾಕಲು ಎರಡು ಸಾಲು ಜಾಗ ಸಾಕು.

— ಆಹಾರ ಇಲಾಖೆಯ ನಿವೃತ್ತ ನೌಕರ, ಹಾವೇರಿ