ಮಗಳಿಗೊಂದು ಪತ್ರ: ಆರು ಸೆಲ್ ತಾ

ಪುಟ್ಟಿ,

ಮೊನ್ನೆ ಬೈಂದೂರಿಗೆ ಹೋಗುವಾಗ ನೀನು ಕೇಳಿದೆಯಲ್ಲ, "ಅಮ್ಮ, ಆ ಪದ್ಯ ಗುನುಗುವಾಗ ಪ್ರತಿ ಸಲ ಅಲ್ಲೇ ಯಾಕೆ ನಿಲ್ಲಿಸ್ತಿ?" ಅಂತ. ಅಷ್ಟರಲ್ಲಿ ಮರವಂತೆ ಬಂತು. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ನೀನು ಮೊಬೈಲ್ ಹಿಡಿದು ಇಳಿದೆ, ಮಾತು ಅಲ್ಲಿಗೇ ನಿಂತಿತು. ಈಗ ಹೇಳ್ತೇನೆ.

ನಮ್ಮಲ್ಲಿ ಆಗ ಕಾರು ಇರಲಿಲ್ಲ. ವರ್ಷಕ್ಕೊಮ್ಮೆ ಶೃಂಗೇರಿಗೆ ಬಾಡಿಗೆ ಅಂಬಾಸಿಡರ್. ಒಳಗೆ ಎಂಟು ಜನ, ಜೊತೆಗೆ ನಿನ್ನ ಅಜ್ಜನ ಟೇಪ್ ರೆಕಾರ್ಡರ್. ಅದು ನನ್ನ ಮಡಿಲಲ್ಲಿ. ಮಕ್ಕಳಲ್ಲಿ ವಾಂತಿ ಮಾಡದವಳು ನಾನೊಬ್ಬಳೇ, ಅದಕ್ಕೆ. ಆರು ದೊಡ್ಡ ಸೆಲ್ ಹಾಕಿದರೆ ಏನು ಭಾರ ಮಾರಾಯ್ತಿ! ಪೆರ್ಡೂರು ಬರುವಾಗ ಕಾಲು ಜೋಮು ಹಿಡಿಯುತ್ತಿತ್ತು. ಹೆಬ್ರಿ ದಾಟುವಾಗ ಸೆಲ್ ಇಳಿಯುತ್ತಿತ್ತು. ಸೆಲ್ ಇಳಿದರೆ ಟೇಪ್ ನಿಧಾನ ತಿರುಗುತ್ತದೆ, ಸ್ವರ ದಪ್ಪ ಆಗುತ್ತದೆ. ಎಸ್. ಜಾನಕಿಯವರೂ ಸೋಮೇಶ್ವರ ಬರುವಾಗ ಯಕ್ಷಗಾನದ ರಾಕ್ಷಸನ ಬಣ್ಣದ ವೇಷದ ಹಾಗೆ ಅಬ್ಬರಿಸುತ್ತಿದ್ದರು. ಅಪ್ಪ ಸೆಲ್ ತೆಗೆದು ಕಾರಿನ ಮುಂದಿನ ಗಾಜಿನ ಹತ್ತಿರ ಬಿಸಿಲಿಗೆ ಇಡುತ್ತಿದ್ದರು. ಮತ್ತೆ ಹಾಕಿದರೆ ಅರ್ಧ ಪದ್ಯಕ್ಕೆ ಸಾಕಾಗುತ್ತಿತ್ತು, ಅಷ್ಟೆ.

ಸಿನಿಮಾ ಹಾಡಿನ ಕ್ಯಾಸೆಟ್ ಯಾವುದಾದರೂ ಆಗುತ್ತಿತ್ತು. ಆದರೆ ಒಂದನ್ನು ಮಾತ್ರ ಅಪ್ಪ ಯಾರ ಕೈಗೂ ಕೊಡುತ್ತಿರಲಿಲ್ಲ. ಸಾಲಿಗ್ರಾಮ ಮೇಳದ ಯಕ್ಷಗಾನ ಆಟಕ್ಕೆ ಹೋಗಿ, ರಾತ್ರಿಯಿಡೀ ಎಚ್ಚರ ಕೂತು, ತಾವೇ ರೆಕಾರ್ಡ್ ಮಾಡಿದ್ದು. ಪದ್ಯ ಹಾಡಿದ್ದು ಕಾಳಿಂಗ ನಾವಡರು, ಅವರದೇ ಭಾಗವತಿಕೆ. 1990ರಲ್ಲಿ ನಾವಡರು ರಸ್ತೆ ಅಪಘಾತದಲ್ಲಿ ಹೋದ ಮೇಲೆ ಅದು ದೇವರ ಕೋಣೆಯ ಕಪಾಟು ಸೇರಿತು. ಅಂಗಡಿಯ ಕ್ಯಾಸೆಟ್‌ಗೆ ಮೇಲಿನ ಅಂಚಿನ ಪುಟ್ಟ ಪ್ಲಾಸ್ಟಿಕ್ ಮೊದಲೇ ಮುರಿದಿರುತ್ತದೆ, ಅದರ ಮೇಲೆ ಬೇರೆ ರೆಕಾರ್ಡ್ ಆಗುವುದಿಲ್ಲ. ಅಪ್ಪ ತಮ್ಮದಕ್ಕೆ ಅದನ್ನು ಮುರಿಯಲು ಮರೆತಿದ್ದರು.

ಮರು ವರ್ಷ ಆ ಕ್ಯಾಸೆಟ್ ನಮ್ಮೊಟ್ಟಿಗೆ ಬಂತು. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಎಷ್ಟನೆಯದೋ, ಟೇಪ್ ನಿಂತಿತು. ನಾನು ಪ್ಲೇ ಒತ್ತಿದೆ. ಕಾರು ತಿರುಗಿತು, ಬೆರಳು ಜಾರಿತು, ಪಕ್ಕದ ರೆಕಾರ್ಡಿನ ಕೆಂಪು ಗುಂಡಿಯೂ ಇಳಿಯಿತು. ಯಾರಿಗೂ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಪದ್ಯ ಎಲ್ಲಿ?" ಅಂದರು ಅಪ್ಪ.

ಮನೆಗೆ ಬಂದು ಹಾಕಿ ನೋಡಿದರೆ, ನಾವಡರು ಸ್ವರ ಏರಿಸುತ್ತಾರೆ, ಚೆಂಡೆ ಶುರುವಾಗುತ್ತದೆ, ಟಕ್ ಅಂತ ಎಲ್ಲ ನಿಲ್ಲುತ್ತದೆ. ಆಮೇಲೆ ಇಂಜಿನ್ನಿನ ಗೊರಗೊರ. ನನ್ನ ಅಜ್ಜಿಯ ಸ್ವರ: "ಲಿಂಬೆಹಣ್ಣು ಯಾರತ್ರ ಉಂಟು? ಆ ಮಗುವಿಗೆ ಮೂಸ್ಲಿಕ್ಕೆ ಕೊಡಿ." ಯಾರೋ ನಗುತ್ತಾರೆ. ಮತ್ತೆ ಟಕ್, ಮತ್ತೆ ನಾವಡರು.

ಅಪ್ಪ ಬೈಯಲಿಲ್ಲ. ಎರಡು ದಿನ ಮಾತಾಡಲಿಲ್ಲ, ಅದು ಜಾಸ್ತಿ ಕಷ್ಟ. ಅಜ್ಜಿ ಮುಂದಿನ ಮಳೆಗಾಲದಲ್ಲಿ ತೀರಿಕೊಂಡರು. ಅವರ ಸ್ವರ ಬೇರೆ ಎಲ್ಲೂ ಇಲ್ಲ. ಆಮೇಲೊಂದು ರಾತ್ರಿ ನಾನು ನೀರು ಕುಡಿಯಲು ಎದ್ದೆ. ಅಪ್ಪ ಜಗಲಿಯಲ್ಲಿ ಸಣ್ಣಗೆ ಕ್ಯಾಸೆಟ್ ಹಾಕಿದ್ದರು. ನಾವಡರ ಪದ್ಯ ಬಂದ ಕೂಡಲೇ ಹಿಂದೆ ತಿರುಗಿಸುತ್ತಿದ್ದರು.

ನಾನು ಅಲ್ಲಿ ನಿಲ್ಲಿಸುವುದು ಅದಕ್ಕೇ. ಅಲ್ಲಿ ಅಜ್ಜಿ ಮಾತಾಡಬೇಕು.

ಕ್ಯಾಸೆಟ್ ಉಂಟು. ಟೇಪ್ ರೆಕಾರ್ಡರೂ ಅಟ್ಟದಲ್ಲಿ ಸಿಕ್ಕಿತು, ಬೆಲ್ಟ್ ಹಾಕಿಸಿದ್ದೇನೆ. ಕರೆಂಟಿನ ವಯರು ಇಲಿ ತಿಂದಿದೆ. ಇಲ್ಲಿ ನಮ್ಮ ಅಂಗಡಿಯಲ್ಲಿ ಬರೀ ರಿಮೋಟಿನ ಸಣ್ಣ ಸೆಲ್. ಬೆಂಗಳೂರಿನಿಂದ ಬರುವಾಗ ದೊಡ್ಡದು ಆರು ತಾ. ಮರೀಬೇಡ.

ಅಮ್ಮ